ಎಡಗೈ ಗಂಟು

ಗೋಕುಲ ರೋಡಿನ ಹಿಂದ, ತಗಡಿನ ಶೆಡ್ಡಿನಾಗ
ಎರಡು ಗಾಡಿ ನಿಂತಿದ್ವು, ತಾಡಪತ್ರಿ ಹೊಚಗೊಂಡು.
ಸೆಲಿಕಾ ಒಂದು. ಸುಪ್ರಾ ಒಂದು.
ಎರಡೂ ಟೊಯೋಟಾ, ಎಂಬತ್ಮೂರರ ಹುಟ್ಟು,
ಮೊಂಬಾಸಾದಾಗ ಬಿಸಲುಂಡು
ಕಾಕಾ ಸತ್ತ ಮ್ಯಾಲೆ ಹಡಗ ಹತ್ತಿ
ಕಟಗಿ ಅಡ್ಡೆದ ವಿಶ್ರಾಮಭಾಯಿಯ ಪಾಲಿಗೆ ಬಂದವು.

"ದಾವಲ್, ಎರಡೂ ಸಾಕೂದು ಆಗೂದಿಲ್ಲ" ಅಂದ.
"ಸೀಟು ಬಿಚ್ಚು, ಹೊಲಿ. ಆಮ್ಯಾಲೆ ಹೇಳು,
ಯಾವುದು ಇಟಗೊಳ್ಳಲಿ?"

ಮೆಕ್ಯಾನಿಕ್ಕಗ ಕೇಳೂ ಮಾತು ನನಗ್ಯಾಕ ಕೇಳಿದ್ನೋ.
ನಾ ಗಾಡಿ ಹೊಡದಾಂವಲ್ಲ.
ಮೂವತ್ತೆರಡು ವರ್ಷ ಮಂದಿ ಕುಂದ್ರೂ ಜಾಗಾ ಹೊಲದಾಂವ:
ಅಂಬಾಸಡರು, ಟೆಂಪೋ, ಹಲ್ಲಿನ ಡಾಕ್ಟರ ಕುರ್ಚಿ,
ಒಮ್ಮೆ ಒಬ್ಬ ಪೋಲೀಸನ ಕುದರಿ ಜೀನು.

ಬಾಗಲದಿಂದ ಹಿಂದಕ್ಕ ಎರಡೂ ಒಂದ ತಾಯಿ ಹಡದಂಗ.
ಅದ ಕಾಚು, ಅದ ಬೆನ್ನು, ಹಿಂದ ಅದ ಸಣ್ಣ ಸೀಟು:
ಹುಡುಗರಿಗೆ ಸಾಲದು, ಕಾಯಿಪಲ್ಲೆ ಚೀಲಕ್ಕ ಜಾಸ್ತಿ.
ಮುಂದ ಮಾತ್ರ ಸುಪ್ರಾದ ಮೂಗು ಗೇಣು ಉದ್ದ.
ಆ ಗೇಣಿನ ಸಲುವಾಗಿ ಸೆಲಿಕಾಕ್ಕ ನಾಕು ಸಿಲಿಂಡರು,
ಇದಕ್ಕ ಆರು, ಪಂಕ್ತಿಗೆ ಕುಂತಂಗ ಸಾಲಾಗಿ.

ಸುಪ್ರಾದ ಸೀಟು ಎರಡೂ ಮಗ್ಗಲಿಗೆ ಹಿಡಕೊಂತು ನನ್ನ.
ನಡದ ಹಿಂದ ಗಾಳಿ ತುಂಬಾಕ ರಬ್ಬರ್ ಬುಗ್ಗಿ,
ಬೀಪಿ ನೋಡಾಗ ಡಾಕ್ಟರು ಹಿಚಕ್ತಾರಲ್ಲ, ಅಂಥದ್ದು.
ಮೂರು ಸಲ ಹಿಚಕಿದೆ.
ಮಣಕಾಲಿಗೂ ಒಂದು ಕೊಟ್ಟಿದ್ರ ಅನಸ್ತು.
ಸೆಲಿಕಾದ ಸೀಟು ಏನೂ ಕೇಳಲಿಲ್ಲ,
ಪರಿಚಯದ ಮಂದಿ ಕಟ್ಟಿ ಮ್ಯಾಲೆ ಸರದು ಜಾಗಾ ಕೊಟ್ಟಂಗ ಇತ್ತು.

ಒಂದ ಸಂಜಿ ಎರಡರಾಗೂ ಬೈಪಾಸಿಗೆ ಒಯ್ದ.
ಗಬ್ಬೂರ ಬಿಟ್ಟ ಮ್ಯಾಲೆ ಸುಪ್ರಾ ಮಾತಾಡಲಿಲ್ಲ.
ಒಳಗ ಬರೇ ಗುಂಯ್,
ಎಣ್ಣಿ ಬಿಟ್ಟು, ದಾರ ಹಾಕದ, ಮಷೀನು ಓಡಸಿದಂಗ.
ನಾ ನನ್ನ ಕಡೆ ಇಲ್ಲದ ಬ್ರೇಕು ತುಳಕೋತ ಹೋದೆ.
ಸೆಲಿಕಾ ಗದ್ದಲದ್ದು.
ರೋಡಿನ ಹಳ್ಳ ಹಳ್ಳಕ್ಕೂ ಕುಂಡಿಗೆ ವರದಿ ಒಪ್ಪಸ್ತು.
ತಾರಿಹಾಳದ ಹತ್ರ ಪೇರಲ ಮಾರಾಕಿ ನಮ್ಮ ನೋಡಿ ನಕ್ಕಳು.
ಸುಪ್ರಾದಾಗ ಹೋಗಾಗ
ಆಕಿ ಅಲ್ಲಿದ್ದದ್ದ ನನಗ ಗೊತ್ತಾಗಿದ್ದಿಲ್ಲ.

ಮರುದಿನ ಬಿಚ್ಚಿದೆ.
ಸುಪ್ರಾದ್ದು ಪೂರಾ ಮಷೀನ ಹೊಲಗಿ,
ಒಂದ ಟಾಕಿ ಅತ್ಲಾಗಿಲ್ಲ, ಇತ್ಲಾಗಿಲ್ಲ.
ಬೈಯಾಕ ಏನೂ ಸಿಗಲಿಲ್ಲ. ಅದ ಬ್ಯಾಸರ.

ಸೆಲಿಕಾದ ಸೀಟಿನ ಅಡಿಯಾಗ, ಫೋಮು ಎತ್ತಿದ್ರ,
ದಾರ ಹರದಲ್ಲಿ ಯಾರೋ ಕೈಲೆ ನಾಕು ಟಾಕಿ ಹಾಕಿ
ಗಂಟು ಬಿಗದಿದ್ರು.
ಗಂಟು ಎಡಕ್ಕ ತಿರಗಿತ್ತು.

ನಾನೂ ಎಡಚ. ನನ್ನ ಗಂಟೂ ಹಂಗ ತಿರಗತೈತಿ.
ಇದರ ಸಲುವಾಗಿ ಉಸ್ತಾದ ಹುಸೇನಪೀರ
ಕತ್ರಿ ಹಿಡಕಿಲೆ ಬೆರಳಿಗೆ ಹೊಡದದ್ದು
ಥಂಡಿ ದಿವಸ ಇನ್ನೂ ನೆನಪ ಕೊಡತೈತಿ.
ಆತನೋ ಆಕಿನೋ,
ಫ್ಯಾಕ್ಟರಿ ಭೋಂಗಾ ಹೊಡಿಯೂದ್ರೊಳಗ
ಮೇಸ್ತ್ರಿ ಕಣ್ಣು ತಪ್ಪಿಸಿ ಲಗೂ ಲಗೂ ಮುಚ್ಚಿರಬೇಕು.
ಇಲ್ಲಾ ಮೊಂಬಾಸಾದ ಯಾವನೋ ದರ್ಜಿ ಇದ್ದಾನು.
ನನಗೇನು ಗೊತ್ತು.
ಬಿಚ್ಚಲಿಲ್ಲ. ಅದರ ಮ್ಯಾಲೇ ಹೊಲದೆ.

"ಹೇಳಪಾ ಇನ್ನ" ಅಂದ ವಿಶ್ರಾಮಭಾಯಿ.
"ಇಟಗೊಳ್ಳೂದಾದ್ರ ಉದ್ದಂದು.
ಓಡಸೂದಾದ್ರ ಗಿಡ್ಡಂದು."
"ನೀ ಆಗಿದ್ರ?"
"ನನಗ ಸೈಕಲ್ ಐತಿ."

ದೀಪಾವಳಿ ಮುಂದ ಎರಡೂ ಮಾರಿದ.
ನವನಗರದಾಗ ಪ್ಲಾಟು ಹಿಡದಾನಂತ, ಮೂಲಿ ಪ್ಲಾಟು.
ನನ್ನ ರೊಕ್ಕ ಪೂರಾ ಕೊಟ್ಟ, ಸತಾಯಿಸಲಿಲ್ಲ.

ಸೆಲಿಕಾದ ಹಳೇ ನೀಲಿ ಮಖಮಲ್ಲು ಒಂದು ತುಂಡು ಉಳದಿತ್ತು.
ಸ್ಟೂಲಿಗೆ ಹಾಕೇನಿ, ನಾಕು ಮೂಲಿಗೂ ಗಂಟು ಬಿಗದು.
ಯಾವ ಕಡೆ ತಿರಗ್ಯಾವು ಅಂತ
ಕೇಳಬ್ಯಾಡ್ರಿ.